ಸ್ಟೆಂಟ್ ಹಾಕಿದ ಮೇಲಿನ ಬ್ಯಾಸರ

ಇಂಡಿ ತಾಲ್ಲೂಕಿನ ತಾಂಬಾದಲ್ಲಿ ಲಿಂಬೆ ತೋಟವಿರುವ, ಐವತ್ತೈದು ದಾಟಿದ ರೈತನೊಬ್ಬನನ್ನು ಕಲ್ಪಿಸಿಕೊಳ್ಳಿ. ಎದೆನೋವು ಬಂತು, ಸೊಲ್ಲಾಪುರಕ್ಕೆ ಒಯ್ದರು, ಸ್ಟೆಂಟ್ ಹಾಕಿಸಿ ಮನೆಗೆ ಕರೆತಂದರು. ಇಸಿಜಿ, ಎಕೋ ಎರಡೂ ಚೆನ್ನಾಗಿವೆ. ತಿಂಗಳು ಕಳೆದರೂ ಆತ ತೋಟದ ಕಡೆ ಹೋಗಿಲ್ಲ. ಬಿಸಿ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಾನೆ. ನಸುಕಿನ ಮೂರಕ್ಕೆ ಎಚ್ಚರಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಪಕ್ಕದ ಮನೆಯ ಹುಡುಗ "ಕಾಕಾ, ಹ್ಯಾಂಗದೀರಿ?" ಎಂದರೆ, "ಆರಾಮ ಅದೀನಿ ತಮ್ಮಾ, ಯಾಕೋ ಏನೂ ಬ್ಯಾಡ ಅನಸ್ತದ" ಎನ್ನುತ್ತಾನೆ. ಮನೆಯವರ ತೀರ್ಮಾನ ಬೇರೆ: "ಅಂಜ್ಯಾನ, ನಾಕ ದಿನದಾಗ ಸರಿ ಆಗ್ತಾನ."

ವೈದ್ಯರ ಪುಸ್ತಕದಲ್ಲಿ ಇದರ ಹೆಸರು ಖಿನ್ನತೆ. ಹೃದಯಾಘಾತದಿಂದ ಪಾರಾದವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರನ್ನು ಇದು ಕಾಡುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಸರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತವಾಗಿದ್ದ 222 ಮಂದಿಯನ್ನು ಆರು ತಿಂಗಳು ಗಮನಿಸಿ 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಖಿನ್ನತೆಯಿದ್ದವರಿಗೆ ಸಾವಿನ ಅಪಾಯ ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಆಮೇಲೆ ವಿಜ್ಞಾನಿಗಳು ಕೇಳಿಕೊಂಡದ್ದು ಒಂದೇ: ಮನಸ್ಸಿನ ಈ ಭಾರ ರಕ್ತದಲ್ಲಿ ಎಲ್ಲಾದರೂ ಗುರುತು ಬಿಡುತ್ತದೆಯೇ?

ಗುರುತುಗಳೇನೋ ಸಿಕ್ಕವು. ಮೊದಲನೆಯದು ಉರಿಯೂತ. ಜ್ವರ ಬಂದಾಗ ನಾವೇನು ಮಾಡುತ್ತೇವೆ? ಊಟ ಬೇಡ, ಮಾತು ಬೇಡ, ಕಂಬಳಿ ಹೊದ್ದು ಮೂಲೆ ಹಿಡಿಯುತ್ತೇವೆ. ರೋಗಾಣುವಿನ ವಿರುದ್ಧ ಹೋರಾಡುವಾಗ ದೇಹ ಹೊರಬಿಡುವ ಇಂಟರ್‌ಲ್ಯೂಕಿನ್-6ರಂಥ ವಸ್ತುಗಳು ಮಿದುಳಿಗೆ ಕೊಡುವ ಸೂಚನೆಯಿದು. ಅದೇ ವಸ್ತುವಿನ ಸೂಚನೆಯಂತೆ ಯಕೃತ್ತು ತಯಾರಿಸುವುದು ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಲ್ಯಾಬ್ ಚೀಟಿಯ ಸಿಆರ್‌ಪಿ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟುವಲ್ಲಿಯೂ ಇದೇ ಉರಿಯೂತದ ಕೈವಾಡವಿದೆ. ಹೃದ್ರೋಗ, ಖಿನ್ನತೆ ಎರಡರ ಬೇರೂ ಒಂದೇ ನೆಲದಲ್ಲಿರಬಹುದು ಎಂಬ ಅನುಮಾನ ಹುಟ್ಟಿದ್ದು ಹೀಗೆ.

ಎರಡನೆಯ ಗುರುತು ಬಡಿತದ್ದು. ಆರೋಗ್ಯವಂತ ಹೃದಯ ಗಡಿಯಾರದಂತೆ ಟಿಕ್ ಟಿಕ್ ಎನ್ನುವುದಿಲ್ಲ. ಉಸಿರು ಎಳೆದಾಗ ತುಸು ಬೇಗ, ಬಿಟ್ಟಾಗ ತುಸು ನಿಧಾನ ಬಡಿಯುತ್ತದೆ. ಈ ಏರಿಳಿತವನ್ನು ಮುಖ್ಯವಾಗಿ ನಡೆಸುವುದು ವೇಗಸ್ ನರ. ಖಿನ್ನತೆಗೆ ಒಳಗಾದ ಹೃದ್ರೋಗಿಗಳಿಗೆ 24 ತಾಸಿನ ಹೋಲ್ಟರ್ ಯಂತ್ರ ಕಟ್ಟಿ ನೋಡಿದರೆ ಏರಿಳಿತ ಕಡಿಮೆ. ಜೊತೆಗೆ ರಕ್ತದ ಕಿರುಬಿಲ್ಲೆಗಳು, ಪ್ಲೇಟ್‌ಲೆಟ್‌ಗಳು, ಬೇಗ ಅಂಟಿಕೊಳ್ಳುತ್ತವೆ. ಮನಸ್ಸಿನೊಂದಿಗೂ ನಂಟಿರುವ ಸಿರೊಟೋನಿನ್ ಎಂಬ ವಸ್ತು ರಕ್ತದಲ್ಲಿರುವಷ್ಟೂ ಹೆಚ್ಚೂಕಡಿಮೆ ಅವುಗಳ ಒಡಲಲ್ಲೇ ಇರುತ್ತದೆ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕೂಡ ಕೆಲವರಲ್ಲಿ ಏರಿರುತ್ತದೆ.

ಹಾಗಾದರೆ ಒಂದು ಶೀಷೆ ರಕ್ತ ಕೊಟ್ಟು ಕಾಕಾನ ಮನಸ್ಸು ತಿಳಿಯಬಹುದೇ? ಇಲ್ಲ. ಹಲ್ಲಿನ ವಸಡು ಕೆಟ್ಟರೂ, ನೆಗಡಿಯಾದರೂ ಸಿಆರ್‌ಪಿ ಏರುತ್ತದೆ. ಸಕ್ಕರೆ ಕಾಯಿಲೆ ಬಡಿತದ ಏರಿಳಿತವನ್ನು ತಗ್ಗಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ 'ಹಾರ್ಟ್ ಆ್ಯಂಡ್ ಸೋಲ್' ಅಧ್ಯಯನದಲ್ಲಿ ಮೇರಿ ಹೂಲಿ ಮತ್ತವರ ತಂಡ 1017 ಹೃದ್ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅಲ್ಲಿ ಖಿನ್ನತೆಯಿದ್ದವರ ಉರಿಯೂತ ಹೆಚ್ಚಿರಲೇ ಇಲ್ಲ! ಮತ್ತೆ ಹೃದಯ ಕೆಡುವ ಅಪಾಯ ಅವರಿಗೆ ಹೆಚ್ಚಿದ್ದುದಕ್ಕೆ ಬಹುಪಾಲು ಕಾರಣ, 2008ರ ವರದಿಯ ಪ್ರಕಾರ, ಅವರ ನಡವಳಿಕೆ. ಅದರಲ್ಲೂ ಓಡಾಟ ನಿಂತುಹೋದದ್ದು. ರಕ್ತದಲ್ಲಿ ಹುಡುಕುತ್ತಿದ್ದ ಗುರುತು ಕಾಕಾ ತೋಟಕ್ಕೆ ಹೋಗದೆ ಕೂತ ಕಟ್ಟೆಯ ಮೇಲೆಯೇ ಇತ್ತು ಎನ್ನಬೇಕು. ಆದ್ದರಿಂದ 'ಮನಸ್ಸಿನ ಪ್ಯಾಕೇಜ್' ಎಂದು ಯಾವ ಲ್ಯಾಬಿನವರಾದರೂ ಮಾರಲು ಬಂದರೆ ಆ ದುಡ್ಡನ್ನು ಲಿಂಬೆಗೆ ಗೊಬ್ಬರ ತರಲು ಇಟ್ಟುಕೊಳ್ಳಿ. ಮಾಡಿಸಬೇಕಾದ ಪರೀಕ್ಷೆಗಳು ಬೇರೆ ಇವೆ: ಹಿಮೋಗ್ಲೋಬಿನ್, ಥೈರಾಯ್ಡ್, ಬಿ-12. ಇವು ಕಡಿಮೆಯಾದರೂ ಮನುಷ್ಯ ಹೀಗೇ ಮಂಕಾಗುತ್ತಾನೆ.

ಕೊನೆಗೂ ಕೆಲಸಕ್ಕೆ ಬರುವುದು ಎರಡು ಪ್ರಶ್ನೆ. ಅಮೆರಿಕದ ಹೃದಯ ಸಂಘ 2008ರಲ್ಲಿ ಹೃದ್ರೋಗಿಗಳಿಗೆ ಕೇಳಿ ಎಂದದ್ದು ಇವನ್ನೇ. ಹೋದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲದಂತಾಗಿತ್ತೇ? ಮನಸ್ಸು ಕುಗ್ಗಿ, ದಿಕ್ಕೇ ತೋಚದಂತಾಗಿತ್ತೇ? ಮೇಲುಮೇಲಿನ "ಆರಾಮ ಅದೀರೇನು?" ಇದಕ್ಕೆ ಸಾಟಿಯಲ್ಲ; ಅದಕ್ಕೆ ಉತ್ತರ ಕೇಳುವ ಮೊದಲೇ ಗೊತ್ತು. ಒಂದಕ್ಕಾದರೂ ಹೌದೆಂದರೆ ಒಂಬತ್ತು ಪ್ರಶ್ನೆಗಳ ಪಟ್ಟಿ ಹಿಡಿದು ವೈದ್ಯರು ಮುಂದೆ ಹೋಗುತ್ತಾರೆ.

ಚಿಕಿತ್ಸೆಯ ಬಗ್ಗೆ ಇದ್ದುದನ್ನು ಇದ್ದಂತೆ ಹೇಳಬೇಕು. ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಗುಳಿಗೆ ಹೃದ್ರೋಗಿಗಳಿಗೆ ಸುರಕ್ಷಿತವೆಂದು 369 ಮಂದಿಯ ಮೇಲಿನ 2002ರ ಪ್ರಯೋಗ ತೋರಿಸಿತು. ಆಪ್ತಸಮಾಲೋಚನೆಯಿಂದ ಮನಸ್ಸು ಹಗುರಾದರೂ ಸಾವು ತಗ್ಗಲಿಲ್ಲ ಎಂದು 2481 ಮಂದಿಯ 2003ರ ಪ್ರಯೋಗ ಹೇಳಿತು. ಮನಸ್ಸು ಹಗುರಾದದ್ದೇ ಸಣ್ಣ ಲಾಭವಲ್ಲ ಎಂಬುದು ನನ್ನ ಎಣಿಕೆ. ಆಸ್ಪಿರಿನ್ ಜೊತೆ ಸರ್ಟ್ರಾಲಿನ್ ಸೇರಿದರೆ ರಕ್ತಸ್ರಾವದ ಸಾಧ್ಯತೆ ಹೆಚ್ಚು. ಹಾಗಾಗಿ ಔಷಧಿ ಅಂಗಡಿಯವರ ಮಾತಿನ ಮೇಲೆ ನುಂಗಬೇಡಿ, ಹೃದಯದ ಡಾಕ್ಟರಿಗೆ ತಿಳಿಸದೆ ಶುರು ಮಾಡಬೇಡಿ, ನಡುವೆ ನಿಲ್ಲಿಸಲೂ ಬೇಡಿ.

ನಿಮ್ಮ ಮನೆಯಲ್ಲೂ ಸ್ಟೆಂಟ್ ಹಾಕಿಸಿಕೊಂಡವರಿದ್ದರೆ ಇವತ್ತು ಸಂಜೆ ಆ ಎರಡು ಪ್ರಶ್ನೆ ಕೇಳಿ. ಉತ್ತರ ಕೇಳಿ ದಿಗಿಲಾದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.