ಚೌಕ ಮೀರಿದ ಅಕ್ಷರ: ಕರೆ ಎತ್ತದಿದ್ದರೂ ಫೋನ್ ಪರರ ವಶವಾದ ಬಗೆ

ಜಮಖಂಡಿ, ಮುಧೋಳ ಭಾಗದ ಕಬ್ಬು ಬೆಳೆಗಾರರಿಗೆ ತೂಕದ ಚೀಟಿ ಹೊಸತಲ್ಲ. ಅಂಥದೊಂದು ಚೀಟಿಯನ್ನು ಊಹಿಸಿಕೊಳ್ಳಬಹುದು. ರೈತನ ಹೆಸರಿಗೆ ಹತ್ತು ಚೌಕ. ಅದಕ್ಕೆ ತಾಗಿಯೇ ಹಣ ಜಮೆಯಾಗಬೇಕಾದ ಬ್ಯಾಂಕ್ ಖಾತೆಯ ಸಂಖ್ಯೆ. ಬರೆಯುವವನು ಹತ್ತಕ್ಕೆ ನಿಲ್ಲದೆ ಹದಿನೈದು ಅಕ್ಷರ ಬರೆದರೆ ಖಾತೆ ಸಂಖ್ಯೆಯ ಮೊದಲ ಐದು ಅಂಕಿಗಳ ಮೇಲೆ ಅಕ್ಷರ ಮೂಡುತ್ತವೆ. ಕೈತಪ್ಪಿನಿಂದ ಹೀಗಾದರೆ ಬಿಲ್ಲು ಕೆಟ್ಟಿತು, ಅಷ್ಟೆ. ಆದರೆ ಆ ಐದು ಚೌಕಗಳಲ್ಲಿ ಏನಿರಬೇಕೆಂದು ಬಲ್ಲವನು ಬೇಕೆಂದೇ ಬರೆದರೆ ಹಣ ಅವನ ಖಾತೆಗೆ ಹೋಗುತ್ತದೆ. ಗುಮಾಸ್ತನಾದರೆ ನೋಡಿ ತಡೆದಾನು. ಗಣಕಕ್ಕೆ ಆ ಕಣ್ಣಿಲ್ಲ.

ತಂತ್ರಾಂಶದಲ್ಲಿನ ಇಂಥ ದೋಷಕ್ಕೆ ‘ಬಫರ್ ಓವರ್‌ಫ್ಲೋ’ ಎಂದು ಹೆಸರು. ಹೊರಗಿನಿಂದ ಬಂದ ಮಾಹಿತಿಯನ್ನು ತಾತ್ಕಾಲಿಕವಾಗಿ ಇರಿಸಲು ಗಣಕದ ಸ್ಮರಣೆಯಲ್ಲಿ ಕಾದಿರಿಸಿದ ಜಾಗವೇ ಬಫರ್. ಈ ಕೆಲಸ ಮುಗಿದ ಮೇಲೆ ಪಾಲಿಸಬೇಕಾದ ಆದೇಶ ಎಲ್ಲಿದೆ ಎಂಬ ವಿಳಾಸವೂ ಅನೇಕ ವೇಳೆ ಅದರ ಸಮೀಪದಲ್ಲೇ ಇರುತ್ತದೆ. ಸಿ ಭಾಷೆಯು ಮಾಹಿತಿಯ ಉದ್ದವನ್ನು ತಾನಾಗಿ ಅಳೆಯುವುದಿಲ್ಲ; ಅದು ಪ್ರೋಗ್ರಾಂ ಬರೆದವನ ಹೊಣೆ. ಅವನು ಮರೆತರೆ, ಉಕ್ಕಿ ಬಂದ ಮಾಹಿತಿ ಆ ವಿಳಾಸವನ್ನೇ ತಿದ್ದುತ್ತದೆ. ಗಣಕವು ಆಗಂತುಕನ ಆದೇಶವನ್ನು ಪಾಲಿಸತೊಡಗುತ್ತದೆ.

ದೋಷ ಹಳೆಯದು. 1988ರ ನವೆಂಬರ್ 2ರಂದು ಅಮೆರಿಕದಲ್ಲಿ ಹರಡತೊಡಗಿದ ‘ಮಾರಿಸ್ ವರ್ಮ್’ 512 ಬೈಟ್‌ಗಳ ಬಫರಿಗೆ 536 ಬೈಟ್ ತುರುಕಿತ್ತು. ಹೆಚ್ಚಾದದ್ದು ಕೇವಲ 24 ಬೈಟ್.

ಮೂರು ದಶಕಗಳ ನಂತರ ಅದೇ ಬಗೆಯ ತಪ್ಪು ಪತ್ತೆಯಾದದ್ದು ವಾಟ್ಸಾಪ್‌ನಲ್ಲಿ. ರಬಕವಿ-ಬನಹಟ್ಟಿಯ ನೇಕಾರ ವ್ಯಾಪಾರಿಗೆ ಸೀರೆಯ ಚಿತ್ರ ಕಳಿಸುವುದು, ಬೀಳಗಿಯ ವರ್ತಕ ದರ ವಿಚಾರಿಸುವುದು ಇದರಲ್ಲೇ. 2019ರ ಮೇ ತಿಂಗಳಲ್ಲಿ ಕಂಪನಿ ಪ್ರಕಟಿಸಿದಂತೆ, ದೋಷವಿದ್ದುದು ಧ್ವನಿ ಕರೆಯನ್ನು ನಿರ್ವಹಿಸುವ ಭಾಗದಲ್ಲಿ. ಕರೆಯ ನೆಪದಲ್ಲಿ ವಿಶೇಷವಾಗಿ ಹೆಣೆದ ಮಾಹಿತಿ ಕಳಿಸಿದರೆ ಸಾಕಿತ್ತು. ಫೋನಿನ ಒಡೆಯ ಕರೆ ಎತ್ತಬೇಕೆಂದೂ ಇರಲಿಲ್ಲ. ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆಯ ಪೆಗಾಸಸ್ ಗೂಢಚಾರ ತಂತ್ರಾಂಶ ಈ ಮಾರ್ಗದಲ್ಲಿ ಸುಮಾರು 1,400 ಫೋನ್‌ಗಳನ್ನು ಗುರಿಯಾಗಿಸಿತ್ತು. ಭಾರತದ 121 ಬಳಕೆದಾರರು ಗುರಿಯಾಗಿದ್ದರೆಂದು ವಾಟ್ಸಾಪ್ ತಿಳಿಸಿತು. ಎನ್‌ಎಸ್‌ಒ ಹೊಣೆಗಾರನೆಂದು ಅಮೆರಿಕದ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು.

ಪೆಗಾಸಸ್‌ನ ಸಂಭಾವ್ಯ ಗುರಿಗಳದೆನ್ನಲಾದ ಪಟ್ಟಿಯೊಂದು 2021ರ ಜುಲೈನಲ್ಲಿ ಬಯಲಾದಾಗ, 2019ರ ಮೈತ್ರಿ ಸರಕಾರದ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಸಂಖ್ಯೆಯೂ ಅದರಲ್ಲಿದೆ ಎಂದು ವರದಿಯಾಗಿತ್ತು. ಪಟ್ಟಿಯಲ್ಲಿ ಸಂಖ್ಯೆ ಇದ್ದ ಮಾತ್ರಕ್ಕೆ ಫೋನ್ ವಶವಾಗಿತ್ತು ಎಂದಲ್ಲ.

ಇಷ್ಟು ದುಬಾರಿ ತಂತ್ರಾಂಶವನ್ನು ನೇಕಾರನ ಮೇಲೆ ಯಾರೂ ಬಳಸಲಾರರು, ನಿಜ. ಆದರೆ ಕಂಪನಿ ದುರಸ್ತಿ ಪ್ರಕಟಿಸಿದ ದಿನವೇ ಕಳ್ಳಗಿಂಡಿ ಎಲ್ಲಿತ್ತೆಂಬ ಸುಳಿವು ಚಿಲ್ಲರೆ ಕಳ್ಳರಿಗೂ ಸಿಗುತ್ತದೆ. ವಿಂಡೋಸ್‌ನ ಇಂಥದೇ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲೇ ದುರಸ್ತಿ ನೀಡಿತ್ತು. ಮೇ ತಿಂಗಳಲ್ಲಿ ‘ವನ್ನಾಕ್ರೈ’ ಹೊಕ್ಕಿದ್ದು ಅದನ್ನು ಅಳವಡಿಸಿಕೊಳ್ಳದ ಗಣಕಗಳಿಗೆ. ಆಂಡ್ರಾಯ್ಡ್ ಫೋನ್‌ಗಳ ವಾಟ್ಸಾಪ್‌ನಲ್ಲಿ 2019ರ ಆ ಕಿಂಡಿ ಮುಚ್ಚಿದ್ದು 2.19.134ನೇ ಆವೃತ್ತಿಯಲ್ಲಿ. ಅಪ್‌ಡೇಟ್ ಉಚಿತ, ಪ್ಲೇ ಸ್ಟೋರ್‌ನಲ್ಲಿ ವಾಟ್ಸಾಪ್ ಹೆಸರಿನ ಮುಂದೆ ಆ ಗುಂಡಿ ಕಂಡರೆ ಒತ್ತಬೇಕು.