ಆಜ್ಞೆಗೆ ಎದುರಾಜ್ಞೆ

ಇಂಗ್ಲಿಷಿನ ‘ಕೌಂಟರ್‌ಮ್ಯಾಂಡ್’ ಪದವನ್ನು ಬರೀ ‘ರದ್ದು’ ಎಂದು ತಿಳಿದರೆ ಅದರ ಜೀವಾಳವೇ ತಪ್ಪಿಹೋಗುತ್ತದೆ. ಹಳೆಯ ಫ್ರೆಂಚಿನ ಮೂಲಕ ಬಂದ ಈ ಪದದ ಬೇರು ಲ್ಯಾಟಿನ್‌ನಲ್ಲಿದೆ: ‘ಕಾಂಟ್ರಾ’ ಎಂದರೆ ಎದುರು, ‘ಮಂಡಾರೆ’ ಎಂದರೆ ಆಜ್ಞಾಪಿಸು, ಒಪ್ಪಿಸು. ‘ಕಮ್ಯಾಂಡ್’, ‘ಮ್ಯಾಂಡೇಟ್’ಗಳೂ ಇದೇ ಬಳಗದವು. ಅಂದರೆ ಇಲ್ಲಿ ಹಳೆಯ ಆಜ್ಞೆ ಸುಮ್ಮನೆ ಅಳಿಯುವುದಿಲ್ಲ. ಅಧಿಕಾರವುಳ್ಳವರು ಅದಕ್ಕೆ ಎದುರಾಗಿ ಇನ್ನೊಂದನ್ನು ಹೊರಡಿಸುತ್ತಾರೆ. ನಿಘಂಟುಗಳು ‘ರದ್ದು’, ‘ಕೌಂಟರ್‌ಮ್ಯಾಂಡ್’ ಎರಡನ್ನೂ ಸಮಾನಾರ್ಥಕ ಎನ್ನುತ್ತವಲ್ಲ ಎಂದು ಕೇಳಬಹುದು. ದಿನಬಳಕೆಗೆ ಅಷ್ಟು ಸಾಕು, ಕಾನೂನಿಗೆ ಸಾಲದು. ಬ್ರಿಟನ್ನಿನ 1882ರ ವಿನಿಮಯ ಪತ್ರಗಳ ಕಾಯ್ದೆಯ 75ನೇ ಕಲಮಿನಂತೆ, ಚೆಕ್ ಬರೆದವರು ಪಾವತಿಗೆ ಎದುರಾಜ್ಞೆ ಕೊಟ್ಟರೆ ಹಣ ಕೊಡುವ ಬ್ಯಾಂಕಿನ ಕರ್ತವ್ಯವೂ ಅಧಿಕಾರವೂ ಕೊನೆಗೊಳ್ಳುತ್ತವೆ. ಆದರೆ ಚೆಕ್ ಪಡೆದವರಿಗೆ ಸಲ್ಲಬೇಕಾದ ಸಾಲ ಅದರಿಂದ ತೀರುವುದಿಲ್ಲ. ಹಣ ಕೈಸೇರಿದ ಮೇಲೆ ಬಂದ ಎದುರಾಜ್ಞೆಗೆ ಬೆಲೆಯೂ ಇಲ್ಲ.