ಹಬ್ಬದ ಹೂವು ಎರಡೇ ದಿನಕ್ಕೆ ಬಾಡುತ್ತಾ? ಮೊದಲು ಬಾಳೆಹಣ್ಣಿನಿಂದ ದೂರ ಇಡಿ

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು ಅಂದ್ರೆ ಹೂವಿನ ರೇಟು ಏರೋದು ಹೊಸದೇನಲ್ಲ. ಗುರುವಾರ ಸಂಜೆ ಮಾರ್ಕೆಟ್‌ಗೆ ಹೋದರೆ ಒಂದು ಮಾರು ಸೇವಂತಿಗೆ ಬೆಲೆ ಕೇಳಿಯೇ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಹಾಗಂತ ಬುಧವಾರವೇ ತಂದಿಟ್ಟರೆ ಶುಕ್ರವಾರ ಪೂಜೆ ಹೊತ್ತಿಗೆ ಅರ್ಧ ಹೂವು ಹಾಳು.

ಹೋದ ವರ್ಷ ನಮ್ಮ ಮನೆಯಲ್ಲೂ ಇದೇ ಕಥೆ. ಎರಡು ದಿನ ಮುಂಚೆ ತಂದ ಹೂವು, ಬಾಳೆಹಣ್ಣು ಎಲ್ಲವನ್ನೂ ಅಮ್ಮ ಒಂದೇ ಪ್ಲಾಸ್ಟಿಕ್ ಕವರ್‌ನಲ್ಲಿ ಗಂಟು ಹಾಕಿ ಇಟ್ಟಿದ್ದರು. ಹಬ್ಬದ ಬೆಳಗ್ಗೆ ಬಿಚ್ಚಿದರೆ ಗುಲಾಬಿ ಎಸಳು ಉದುರಿತ್ತು, ಸೇವಂತಿಗೆ ಬೆವತು ಕೊಳೆತಿತ್ತು. ಡಬಲ್ ರೇಟ್ ಕೊಟ್ಟು ತರೋಕೆ ಮತ್ತೆ ನಾನೇ ಓಡಬೇಕಾಯ್ತು. ತಪ್ಪು ಹೂವಿನದ್ದಲ್ಲ, ಇಟ್ಟ ರೀತಿಯದ್ದು.

ಬಾಳೆಹಣ್ಣು ಯಾಕೆ ಬೇಡ?

ಮಾಗುತ್ತಿರುವ ಬಾಳೆ, ಸೇಬು, ಮಾವು ಎಥಿಲೀನ್ ಅನ್ನೋ ಅನಿಲ ಬಿಡುತ್ತವೆ. ಕಾಯಿಯನ್ನು ಹಣ್ಣು ಮಾಡೋ ಇದೇ ಅನಿಲ ಹೂವನ್ನು ಬೇಗ ಮುದಿಯಾಗಿಸುತ್ತೆ. ಗುಲಾಬಿಗೆ ಇದರ ಪೆಟ್ಟು ಜಾಸ್ತಿ, ಸೇವಂತಿಗೆಗೆ ಕಮ್ಮಿ. ಫ್ರಿಜ್‌ನಲ್ಲೂ ಹಣ್ಣು, ಹೂವು ಒಟ್ಟಿಗೆ ಇಡಬೇಡಿ.

ಬಿಡಿ ಹೂವು, ಕಟ್ಟಿದ ಹೂವು

ಸೇವಂತಿಗೆ, ಚೆಂಡು ಹೂವಿಗೆ ಶತ್ರು ಅಂದ್ರೆ ಒಳಗೇ ಸಿಕ್ಕಿಕೊಂಡ ನೀರು ಮತ್ತು ಬಿಸಿ. ತಂದ ತಕ್ಷಣ ನೆರಳಲ್ಲಿ ಪೇಪರ್ ಮೇಲೆ ಹರಡಿ. ನೀರಿನ ಹನಿ ಆರಿದ ಮೇಲೆ ಪೇಪರ್‌ನಲ್ಲೇ ಸಡಿಲವಾಗಿ ಸುತ್ತಿ ಡಬ್ಬಿಗೆ ಹಾಕಿ, ಫ್ರಿಜ್‌ನ ತರಕಾರಿ ಟ್ರೇನಲ್ಲಿಡಿ. ಫ್ರೀಜರ್‌ ಮಾತ್ರ ಬೇಡವೇ ಬೇಡ.

ಮಲ್ಲಿಗೆ ಆದರೆ ಬಿಗಿ ಮೊಗ್ಗೇ ಆರಿಸಿ, ಬೆಳಗ್ಗೆಯೇ ತನ್ನಿ. ಸಂಜೆಗೆ ಅರಳಿದ ಮೇಲೆ ಉಳಿಸೋದು ಕಷ್ಟ. ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಲ್ಲೋ ಬಾಳೆ ಎಲೆಯಲ್ಲೋ ಸುತ್ತಿ ಡಬ್ಬಿಯಲ್ಲಿಡಿ. ತೇವ ಇರಬೇಕು, ನೀರು ಸುರಿಯಬಾರದು.

ಕಡ್ಡಿ ಇರೋ ಹೂವು

ಗುಲಾಬಿ, ಜರ್ಬೆರಾ, ಸುಗಂಧರಾಜ ನೀರಲ್ಲಿದ್ದರೂ ಬಾಡೋದು ಯಾಕೆ? ಕಡ್ಡಿಯ ತುದಿಯಲ್ಲಿ ಗಾಳಿ ಗುಳ್ಳೆ, ಬ್ಯಾಕ್ಟೀರಿಯಾ ಸೇರಿ ನೀರಿನ ದಾರಿ ಕಟ್ಟಿಕೊಳ್ಳುತ್ತೆ.

* ಹರಿತವಾದ ಚಾಕುವಿನಿಂದ ಕಡ್ಡಿಯ ತುದಿ ಒಂದು ಇಂಚು ಓರೆಯಾಗಿ ಕತ್ತರಿಸಿ, ತಕ್ಷಣ ನೀರಿಗೆ ಹಾಕಿ.
* ನೀರಿನೊಳಗೆ ಮುಳುಗೋ ಎಲೆ ಕಿತ್ತುಬಿಡಿ, ಅದೇ ಮೊದಲು ಕೊಳೆಯೋದು.
* ಹೂದಾನಿ ಸೋಪು ಹಾಕಿ ತೊಳೆಯಿರಿ, ನೀರು ದಿನಾ ಬದಲಿಸಿ.
* ಜರ್ಬೆರಾಗೆ ಎರಡು ಮೂರು ಇಂಚು ನೀರು ಸಾಕು, ಜಾಸ್ತಿಯಾದರೆ ಕಡ್ಡಿ ಕೊಳೆಯುತ್ತೆ.

ಸಕ್ಕರೆ ಹಾಕಿದ್ರೆ ಒಳ್ಳೇದು ಅಂತಾರೆ. ನಿಜ, ಆದರೆ ಬರೀ ಸಕ್ಕರೆ ಬ್ಯಾಕ್ಟೀರಿಯಾಗೂ ಊಟವೇ. ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ ಹಾಕಿದರೆ ಎರಡು ಚಮಚ ನಿಂಬೆರಸವನ್ನೂ ಹಾಕಿ. ತಾಮ್ರದ ನಾಣ್ಯ ಹಾಕೋದ್ರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ.

ಅಂಗಡಿಯವರಿಗೆ ಒಂದು ಮಾತು

ಬೆಳಗ್ಗೆ ಫೋಟೋಗೆ ಹಾಕಿದ ಹಾರ ಮಧ್ಯಾಹ್ನಕ್ಕೇ ಒಣಗಿದ್ರೆ ಮೇಲೆ ನೋಡಿ. ಫ್ಯಾನ್ ಗಾಳಿ, ಪಕ್ಕದ ಬಲ್ಬಿನ ಬಿಸಿ, ಎರಡೂ ಹೂವಿನ ತೇವ ಹೀರುತ್ತವೆ. ಊದುಬತ್ತಿಯನ್ನೂ ಹಾರದ ಕೆಳಗೇ ಹಚ್ಚಬೇಡಿ, ಹೊಗೆಯಲ್ಲೂ ಎಥಿಲೀನ್ ಇರುತ್ತೆ. ಕೌಂಟರ್ ಮೇಲಿನ ಹೂದಾನಿಯನ್ನು ಬಿಸಿಲು ಬೀಳದ ಕಡೆ ಸರಿಸಿ.

ಇಷ್ಟೆಲ್ಲಾ ಮಾಡಿದ್ರೂ ಹೂವು ಒಂದಿನ ಬಾಡೋದೇ. ಆದರೆ ಕಮ್ಮಿ ರೇಟಿಗೆ ಬುಧವಾರ ತಂದದ್ದು ಶುಕ್ರವಾರದ ಪೂಜೆಗೆ ನಿಂತರೆ ಸಾಕಲ್ವಾ? ಈ ಸಲ ನಮ್ಮ ಮನೆಯಲ್ಲಿ ಬಾಳೆಹಣ್ಣಿಗೆ ಬೇರೆ ಚೀಲ.